ಜೋಡಿಯಿಲ್ಲದ ಹಲಗೆ

“ಏ ಯಲ್ಲ್ಯಾ, ಹಲಗಿ ಕಾಸ್ತೀಯೋ, ಕುಂಡಿ ಕಾಸ್ಕೋತ ಕುಂತೀಯೋ? ಜಲ್ದಿ ಮಾಡಲೇ ಸೂಳೆಮಗನ, ಸಾಹೇಬ್ರ ಮೋಟಾರ್ ಬಂತು!”

ಚುನಾವಣೆಗೆ ನಿಂತ ಉಮಾಪತಿರಾಯರ ಬಂಟ ದತ್ತು ಹುಲ್ಲಿನ ಬೆಂಕಿಯನ್ನು ಬೂಟುಗಾಲಿನಿಂದ ಒದ್ದ. ಕಿಡಿಗಳು ಯಲ್ಲಪ್ಪನ ಮೊಣಕಾಲಿಗೆ ಹಾರಿದವು. ಅವನು ಹಲಗೆಯ ಚರ್ಮವನ್ನು ಬೆರಳಿನಿಂದ ತಟ್ಟಿ ನೋಡಿದ. ಬಿಗಿದಿತ್ತು.

ಮಹಾಲ್ ಪೇಟೆಯ ಈ ಮೈದಾನದಲ್ಲಿ ಅವನೆಂದೂ ಒಂಟಿಯಾಗಿ ಬಾರಿಸಿದವನಲ್ಲ. ಅವನ ಹಲಗೆ ಪ್ರಶ್ನೆ ಕೇಳುತ್ತಿತ್ತು, ತಮ್ಮ ಮರಿಯಪ್ಪನದು ಉತ್ತರ ಕೊಡುತ್ತಿತ್ತು. ಗುಲ್ಬರ್ಗಾ ಕಡೆಯಿಂದ ನಾಗಪುರದ ಮಿಲ್ಲಿನ ಕೂಲಿಗೆ ಬಂದಾಗ ಹೊತ್ತು ತಂದದ್ದು ಆ ಜೋಡಿಯನ್ನೇ. ಎದುರು ಪಕ್ಷದ ಸಭೆಗೆ ಬಾರಿಸಿದನೆಂದು ಹೋದ ಅಮಾವಾಸ್ಯೆಗೆ ದತ್ತುವಿನ ಹುಡುಗರು ಮರಿಯಪ್ಪನನ್ನು ಬಡಿದು ಕೊಂದರು. ಹೆಣವನ್ನು ಪೊಲೀಸರೇ ಒಯ್ದು ಹೂತರು. ಹಲಗೆಯಿಲ್ಲದೆ ಹೋದ ಹೆಣ. ಅಂದಿನಿಂದ ಗೂಟದಲ್ಲಿ ತೂಗಿದ ಅವನ ಹಲಗೆ ಗಾಳಿಯಿಲ್ಲದಾಗಲೂ ಗೋಡೆಗೆ ತಾಗಿ ಮೆಲ್ಲಗೆ ಸದ್ದು ಮಾಡುತ್ತಿತ್ತು. ಮರಿಯಪ್ಪನ ಹೆಂಡತಿ ಲಕ್ಷ್ಮವ್ವ ಅದಕ್ಕೊಂದು ಹಳೆ ಸೀರೆ ಹೊದಿಸಿದ್ದಳು.

ಉಮಾಪತಿರಾಯರು ಮೋಟಾರಿನಿಂದ ಇಳಿಯುತ್ತಲೇ ಯಲ್ಲಪ್ಪ ದೂರದಿಂದ ಅಡ್ಡಬಿದ್ದ.

“ಧಣ್ಯಾರ, ಒಂದ ಮಾತು ರೀ. ತಮ್ಮನ್ನ ಹೊಡದದ್ದು ತಪ್ಪು ಅಂತ ಮೈಕಿನ್ಯಾಗ ಅಂದ್ರ ಸಾಕು. ದಿನಾ ಈ ಹುಡುಗ್ರು ಲಕ್ಷ್ಮವ್ವನ ಬಾಗಲಕ್ಕ ಬಂದು, ಮುಂದಿನ ಪಾಳಿ ನಿನ್ನ ಮಗಂದು ಅಂತಾರ್ರಿ. ನಿಮ್ಮ ಮಾತು ಇವ್ರು ದಾಟೂದಿಲ್ರೀ.”

ರಾಯರು ಶಲ್ಯ ಸರಿಪಡಿಸಿಕೊಂಡರು. “ಹುಡುಗ್ರದು ಬಿಸಿ ರಕ್ತಪಾ. ಇಲೆಕ್ಷನ್ ಮುಗೀಲಿ, ನೋಡೋಣಂತ.”

ದತ್ತು ನಕ್ಕ. “ಕೇಳಿದೇನಲೇ? ಬಿಸಿ ರಕ್ತ! ಚಲ್, ಮದವಿಗೆ ಬಡದಂಗ ಬಡಿ.”

ಹಾರ ಹಾಕಿಸಿಕೊಂಡು ರಾಯರು ಮೈಕಿನ ಮುಂದೆ ನಿಂತರು. “ಬಂಧುಗಳೇ, ಶಾಂತಿಯೇ ನಮ್ಮ ಪಕ್ಷದ...”

ಹಲಗೆ ಎದ್ದಿತು. ಮದುವೆಯದಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಮಿಲ್ಲಿನ ಕನ್ನಡದ ಕೂಲಿಗಳು ಒಬ್ಬೊಬ್ಬರಾಗಿ ಎದ್ದು ತಲೆಯ ರುಮಾಲು ತೆಗೆದರು. ಹೆಂಗಸರ ನಡುವೆ ಲಕ್ಷ್ಮವ್ವ ಬಾಯಿಗೆ ಸೆರಗು ತುರುಕಿಕೊಂಡಳು. ಸಾವಿನ ಹಲಗೆ ಒಮ್ಮೆ ಶುರುವಾದರೆ ಹೆಣ ಎತ್ತುವ ತನಕ ನಿಲ್ಲಿಸುವಂತಿಲ್ಲ.

“ಯಾರ ಹೆಣಲೇ ಅದು?” ದತ್ತುವಿನ ಲಾಠಿ ಹೆಗಲಿಗೆ ಬಿತ್ತು.

“ಧಣ್ಯಾರು ಹೇಳ್ಲಿ.”

ಯಲ್ಲಪ್ಪ ಪ್ರಶ್ನೆ ಕೇಳುವ ಪೆಟ್ಟು ಹಾಕಿದ. ತಮ್ಮನ ಪೆಟ್ಟು ಬೀಳಬೇಕಾದ ಜಾಗದಲ್ಲಿ ಕೈ ತಡೆದ. ಇಡೀ ಮೈದಾನ ಉತ್ತರಕ್ಕೆ ಕಾದು ನಿಂತಿತು. ರಾಯರ ಬಾಯಿ ತೆರೆದೇ ಇತ್ತು. ಲೌಡ್‌ಸ್ಪೀಕರಿನಲ್ಲಿ ಅವರ ಉಸಿರೊಂದೇ ಕೇಳುತ್ತಿತ್ತು.

ಲಾಠಿ ಮತ್ತೆ ಬಿತ್ತು. ಯಲ್ಲಪ್ಪ ಮತ್ತೆ ಕೇಳಿದ. ಮತ್ತೆ ಕೈ ತಡೆದ.