ಮೂಗಿಲ್ಲದ ರಾಜನ ಹರಾಜು

ಔಷಧಿ ಅಂಗಡಿಯ ಯಜಮಾನರಿಗೆ ಜಗತ್ತಿನಲ್ಲಿ ಎರಡನ್ನು ಮಾತ್ರ ಸಹಿಸಲಾಗುತ್ತಿರಲಿಲ್ಲ. ಒಂದು, ಹಳೆಯ ನಾಣ್ಯವನ್ನು ಯಾರಾದರೂ ಸೋಪು ಹಾಕಿ ತೊಳೆಯುವುದು. ಇನ್ನೊಂದು, ಅವರ ಷಡ್ಡಕ. ಹೆಂಡತಿಯ ತಂಗಿಯ ಗಂಡನಾದ ಈ ಮನುಷ್ಯನೂ ನಾಣ್ಯ ಕೂಡಿಡುತ್ತಿದ್ದ. ಅದೂ ಯಜಮಾನರನ್ನು ನೋಡಿ ಕಲಿತು, ಅದೂ ಅವರಿಗಿಂತ ಚೆನ್ನಾಗಿ. ಯಾರಿಗೆ ತಾನೇ ಹೊಟ್ಟೆ ಉರಿಯದೆ ಇದ್ದೀತು?

ಹೀಗಿರುವಾಗ ಮನೆಯ ಹೊಲಿಗೆ ಮಷೀನು ಕೈಕೊಟ್ಟಿತು. ಹೆಂಡತಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿದುಕೊಡುವವಳು. ಶಾಲೆ ತೆರೆಯುವ ಹೊತ್ತು ಹತ್ತಿರ ಬಂದಿತ್ತು. ಕತ್ತರಿಸಿಟ್ಟ ನೀಲಿ ಬಟ್ಟೆ ಊಟದ ಮೇಜು ದಾಟಿ ಮಂಚ ಹತ್ತಿತ್ತು. ಹೇಳಿದ ದಿನಕ್ಕೆ ಕೊಡದಿದ್ದರೆ ಆ ಕೆಲಸ ಇನ್ನೊಬ್ಬರ ಪಾಲಾಗುವುದು ಖಂಡಿತ.

"ರೀ, ಆ ಮೂಗಿಲ್ಲದ ರಾಜನ್ನ ಮಾರಿಬಿಡಿ. ಕೈಗೆ ಹದಿನೈದು ಸಾವಿರ ಬಂದ್ರೆ ಮಷೀನು ಬರತ್ತೆ," ಎಂದಳು.

ಮೂಗಿಲ್ಲದ ರಾಜ ಒಂದು ಬೆಳ್ಳಿ ನಾಣ್ಯ. ಟಂಕಸಾಲೆಯಲ್ಲಿ ಅಚ್ಚು ಜಾರಿ, ರಾಜನ ಕಿರೀಟ, ಗಡ್ಡ, ಗತ್ತು ಎಲ್ಲ ಬಂದು ಮೂಗು ಮಾತ್ರ ಬರದೆ ಉಳಿದಿತ್ತು. ಯಜಮಾನರಿಗೆ ಅದೆಂದರೆ ಜೀವ. ಆದರೂ ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿಕೊಂಡು ಒಪ್ಪಿದರು.

ಹರಾಜು ಕಚೇರಿಯ ಗುಮಾಸ್ತೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಮಾರುವವರಿಂದ ನೂರಕ್ಕೆ ಹತ್ತು ಕಮಿಷನ್. ನಾಣ್ಯದ ಫೋಟೋಕ್ಕೆ ಇನ್ನೂರು. ಕೊಳ್ಳುವವರು ಕೂಗಿದ ಬೆಲೆಯ ಮೇಲೆ ನೂರಕ್ಕೆ ಇಪ್ಪತ್ತು ಶುಲ್ಕ ಕೊಡಬೇಕು. ಎರಡಕ್ಕೂ ಟ್ಯಾಕ್ಸ್ ಬೇರೆ.

ಯಜಮಾನರಿಗೆ ನಗು ತಡೆಯಲಾಗಲಿಲ್ಲ. "ಅಂದ್ರೆ ಸುತ್ತಿಗೆ ಬಿದ್ದಾಗಿನ ಬೆಲೆ ಒಂದು, ಜೇಬಿಂದ ಹೋಗೋ ಬೆಲೆ ಇನ್ನೊಂದು. ಪಾಪ, ಕೂಗೋ ಪೆದ್ದರಿಗೆ ಆ ಹೊತ್ತಲ್ಲಿ ಇದೆಲ್ಲಿ ನೆನಪಿರತ್ತೆ?"

"ಯಾರಿಗೂ ಇರಲ್ಲ ಸರ್. ನಮ್ಮ ಸಂಬಳ ಬರೋದೇ ಅದರಿಂದ," ಎಂದಳು ಗುಮಾಸ್ತೆ.

ಅವರು ಕೊಳ್ಳುವವರ ನಂಬರಿನ ಹಲಗೆಯನ್ನೂ ಒಂದು ಪಡೆದರು. ಕೊಳ್ಳುವ ಉದ್ದೇಶವೇನೂ ಇರಲಿಲ್ಲ. ಹಲಗೆ ಇದ್ದವರಿಗೆ ಮೆತ್ತನೆಯ ಕುರ್ಚಿ, ಪುಕ್ಕಟೆ ಕಾಫಿ.

ಹರಾಜಿನ ದಿನ ಎರಡನೆಯ ಕಾಫಿ ಮುಗಿಯುವಷ್ಟರಲ್ಲಿ ಪರದೆಯ ಮೇಲೆ ಮೂಗಿಲ್ಲದ ರಾಜ ಮೂಡಿದ. ಐದು ಸಾವಿರಕ್ಕೆ ಶುರು. ಯಾರೋ ಏಳು ಎಂದರು. ಮುಂದಿನ ಸಾಲಿನಿಂದ ಒಂದು ಕೈ ನಿಧಾನಕ್ಕೆ ಎದ್ದು ಎಂಟು ಎಂದಿತು. ಆ ಕೈಯಲ್ಲಿದ್ದ ಗಡಿಯಾರ ಯಜಮಾನರಿಗೆ ಚೆನ್ನಾಗಿ ಗೊತ್ತು. ಷಡ್ಡಕ!

ಯಜಮಾನರು ಕಾಫಿ ಲೋಟ ಕೆಳಗಿಟ್ಟರು. ಇನ್ನು ಆ ಮನೆಗೆ ಹೋದಾಗಲೆಲ್ಲ ತಮ್ಮ ರಾಜ ಅಲ್ಲಿನ ಗಾಜಿನ ಕಪಾಟಿನೊಳಗಿಂದ ತಮ್ಮನ್ನೇ ನೋಡುತ್ತಾನೆ. "ಭಾವ, ಇದು ನಿಮಗೆ ನೆನಪಿದ್ಯಾ?" ಎಂದು ಈ ಮನುಷ್ಯ ನಯವಾಗಿ ಕೇಳುತ್ತಾನೆ. ಯೋಚನೆ ಮುಗಿಯುವ ಮೊದಲೇ ಹಲಗೆ ಮೇಲೆದ್ದಿತ್ತು.

ಒಂಬತ್ತು. ಹತ್ತು. ಹನ್ನೆರಡು. ಉಳಿದವರು ಒಬ್ಬೊಬ್ಬರಾಗಿ ಕೈ ಇಳಿಸಿದರು. ಹದಿನೈದು ದಾಟಿದಾಗ ಯಜಮಾನರ ಕಿವಿ ಕೆಂಪಾಗಿತ್ತು. ಮಷೀನು, ನೀಲಿ ಬಟ್ಟೆ, ಹೆಂಡತಿ, ಎಲ್ಲವೂ ತಲೆಯಿಂದ ಹಾರಿಹೋಗಿತ್ತು. ಷಡ್ಡಕ ಹದಿನೆಂಟಕ್ಕೆ ನಿಂತ. ಯಜಮಾನರು ಹದಿನೆಂಟೂವರೆ ಎಂದರು. ಸುತ್ತಿಗೆ ಬಿತ್ತು. ಯಾರೋ ಚಪ್ಪಾಳೆ ತಟ್ಟಿದರು, ಯಜಮಾನರು ಎದ್ದು ನಿಂತು ನಮಸ್ಕಾರವನ್ನೂ ಮಾಡಿದರು.

ಲೆಕ್ಕದ ಕಿಟಕಿಯ ಮುಂದೆ ನಿಂತಾಗ ಅಮಲು ಇಳಿಯಿತು.

"ಸರ್, ನಿಮ್ಮ ನಾಣ್ಯನ ನೀವೇ ಕೂಗೋ ಹಾಗಿಲ್ಲ. ರದ್ದು ಮಾಡಿಸ್ತೀರಾ?" ಗುಮಾಸ್ತೆ ಕೇಳಿದಳು.

"ಮಾಡಿಸ್ತೀನಮ್ಮ, ದಯವಿಟ್ಟು."

"ರದ್ದತಿ ಶುಲ್ಕ ಎಂಟು ಸಾವಿರ. ಮಾಡಿಸದಿದ್ರೆ ಎರಡೂ ಕಡೆ ಶುಲ್ಕ, ಫೋಟೋ, ಟ್ಯಾಕ್ಸ್ ಎಲ್ಲ ಸೇರಿ ಆರೂಮುಕ್ಕಾಲು. ನಾವೇನೂ ನೋಡಿಲ್ಲ ಅಂದ್ಕೋತೀವಿ."

ತಮ್ಮದೇ ನಾಣ್ಯವನ್ನು ತಾವೇ ಕೊಂಡು, ಅದಕ್ಕೆ ಆರೂಮುಕ್ಕಾಲು ಸಾವಿರ ತೆತ್ತು ಯಜಮಾನರು ಹೊರಬಿದ್ದರು. ಬಾಗಿಲಲ್ಲಿ ಷಡ್ಡಕ ಕಾಯುತ್ತಿದ್ದ.

"ಏನ್ ಭಾವ ಹೀಗ್ಮಾಡಿದ್ರಿ? ಹದಿನೆಂಟರ ತನಕ ಹೋಗಿ ಅಂತ ನಮ್ಮನೆಯವಳು ಹೇಳಿ ಕಳಿಸಿದ್ಲು. ಕಮಿಷನ್ ಹೋದ್ರೂ ಅಕ್ಕಂಗೆ ಮಷೀನಿನ ದುಡ್ಡು ಉಳೀಲಿ ಅಂತ. ನೇರವಾಗಿ ಕೇಳಿದ್ರೆ ನೀವು ನಂಗೆ ಕೊಡ್ತಿರಲಿಲ್ಲ."

ಯಜಮಾನರು ಜೇಬಿನಿಂದ ನಾಣ್ಯ ತೆಗೆದು ಅವನ ಮುಂದೆ ಚಾಚಿದರು. "ಈಗ ತಗೋ. ಹದಿನೈದಕ್ಕೇ ಕೊಡ್ತೀನಿ."

"ಇನ್ನೆಲ್ಲಿ ಭಾವ? ನೀವು ಬಿಡಲಿಲ್ಲವಲ್ಲ, ಆ ದುಡ್ಡಲ್ಲಿ ಮುಂದಿನ ನಾಣ್ಯ ಹಿಡಿದುಬಿಟ್ಟೆ." ಅವನ ಮುಖದಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಯಜಮಾನರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮನೆಗೆ ಬರುವಷ್ಟರಲ್ಲಿ ಹೆಂಡತಿಗೆ ತಂಗಿಯ ಫೋನು ಬಂದಾಗಿತ್ತು. ಹೆಂಡತಿ ಬೈಯಲಿಲ್ಲ. ಪಕ್ಕದ ಮನೆಯವರ ಮಷೀನನ್ನು ದಿನಾ ಮಧ್ಯಾಹ್ನದ ಹೊತ್ತಿಗೆ ಮಾತ್ರ ಬೇಡಿ ಪಡೆದಿದ್ದಳು. ಗುಂಡಿ, ಕಾಜಾ ಎಲ್ಲ ಕೈಯಲ್ಲೇ ಆಗಬೇಕು. ಅಂಗಿಗಳ ರಾಶಿಯನ್ನು ಗಂಡನ ಮಡಿಲಿಗೆ ಹಾಕಿ, ಸೂಜಿ ದಾರ ಕೈಗಿಟ್ಟಳು.

ಯಜಮಾನರು ಡಬ್ಬಿಯಿಂದ ಒಂದು ಗುಂಡಿ ತೆಗೆದರು. ಅಭ್ಯಾಸಬಲ, ಜೇಬಿನಿಂದ ಭೂತಗನ್ನಡಿಯೂ ಹೊರಬಂತು. ಗುಂಡಿಯ ಅಂಚನ್ನೇ ಹಿಡಿದು ಬೆಳಕಿಗೊಡ್ಡಿ, ತಿರುಗಿಸಿ ನೋಡತೊಡಗಿದರು.

"ರೀ, ಅದಕ್ಕೆ ಎರಡೂ ಕಡೆ ಒಂದೇ ಥರ," ಎಂದಳು ಹೆಂಡತಿ, ತಲೆ ಎತ್ತದೆ. "ರಾಜ ಗೀಜ ಯಾರೂ ಇಲ್ಲ. ಹೊಲೀರಿ."