ನಕ್ಷೆಯಲ್ಲಿಲ್ಲದ ಕಲ್ಲುಗುಪ್ಪೆ

"ಏ ಬೋಸೂಡಿ, ನೀರು ಚೆಲ್ಲಬ್ಯಾಡ! ಸಾಯೇಬ್ರು ಕುಡಿಯೋ ನೀರದು."

ಪಾಲಾಕ್ಷಗೌಡ ಹಿಂದಿನಿಂದ ಒದರಿದ. ತಲೆಯ ಮೇಲೆ ಕೊಡ, ಕಂಕುಳಲ್ಲಿ ಡೇರೆಯ ಗಂಟು ಹೊತ್ತು ಮೈಲಮ್ಮ ಗುಡ್ಡ ಹತ್ತಿದಳು. ಅವನ ಹೊಲದಲ್ಲೇ ಕೂಲಿ ಮಾಡುವವಳಿಗೆ ಆ ಬೈಗುಳ ಹೊಸದಲ್ಲ. ಮುಂದೆ ಪಟ್ಟಣದಿಂದ ಬಂದ ಅರುಣ್ ಕುಮಾರ್ ನಡೆಯುತ್ತಿದ್ದ. ಬ್ರಿಟಿಷರ ಕಾಲದ ನಕ್ಷೆ ಹಿಡಿದು ಕೂಡ್ಲಿಗಿ ಕಡೆಯ ಗುಡ್ಡಗಳನ್ನು ಸುತ್ತುವ ಹುಚ್ಚು ಅವನಿಗೆ. ಇಂಥವರು ಇನ್ನೂ ಬರುತ್ತಾರೆ, ಗುಡ್ಡದ ಮೇಲೆ ಡೇರೆ ಹಾಕಿಸಿ ಬಾಡಿಗೆ ಎತ್ತಬಹುದು ಎಂಬ ಆಸೆ ಗೌಡನಿಗೆ.

ನೆತ್ತಿ ಮುಟ್ಟಿದ ಮೇಲೆ ಅರುಣ್ ಬಂಡೆಯ ಮೇಲೆ ನಕ್ಷೆ ಹರವಿದ.

"ಕೋಟೆ ಗೋಡೆ ಇದು, ಇದು ಬಾವಿ. ಎಲ್ಲಾ ಹಾಗೇ ಇದೆ ಗೌಡ್ರೇ! ಆ ಸಮತಟ್ಟು ಜಾಗದಲ್ಲಿ ಡೇರೆ ಹಾಕೋಣ."

ಅವನು ತೋರಿದ ಕಡೆ ಜಾಲಿಮುಳ್ಳು ಹೊದಿಸಿದ ಸಣ್ಣ ಕಲ್ಲುಗುಪ್ಪೆ ಇತ್ತು. ಮೈಲಮ್ಮ ಡೇರೆಯ ಗಂಟನ್ನು ಕೆಳಗಿಟ್ಟಳು.

"ಆ ಕಲ್ಲು ತಗದ್ ಒಗಿ," ಎಂದ ಗೌಡ.

"ಅಲ್ಲಿ ನನ್ನ ಸೌಭಾಗ್ಯ ಅದಾಳ್ರಿ."

ಹೋದ ಮಳೆಗಾಲ ಮಗಳು ಜ್ವರದಲ್ಲಿ ಸತ್ತಿದ್ದಳು. ಕೇರಿಯವರು ಹೂಳುತ್ತಿದ್ದ ಹಳ್ಳದ ದಂಡೆಗೆ ಗೌಡ ಆಗಲೇ ತಂತಿಬೇಲಿ ಬಿಗಿದಿದ್ದ. ಕಾಲಿಗೆ ಬಿದ್ದು ಬೇಡಿಕೊಂಡವಳಿಗೆ, "ಗುಡ್ಡದಾಗ ಹೂಣು ಹೋಗು, ಅಲ್ಲಿ ಯಾರ್ ಕೇಳ್ತಾರ," ಅಂದಿದ್ದ. ಮಗಳನ್ನು ಹೆಗಲಿಗೆ ಹಾಕಿಕೊಂಡು ಒಬ್ಬಳೇ ಹತ್ತಿದ್ದಳು. ಕರಡಿ ಕೆದರೀತೆಂದು ಬೆರಳು ಒಡೆಯುವ ತನಕ ಕಲ್ಲು ಪೇರಿಸಿದ್ದಳು.

ಅರುಣ್ ಮತ್ತೆ ನಕ್ಷೆಯ ಮೇಲೆ ಬಾಗಿದ. "ಇಲ್ಲಿ ಸಮಾಧಿ ಗುರುತೇ ಇಲ್ವಲ್ಲಮ್ಮಾ..."

"ಅದು ಯಾವ ಕಾಲದ್ದೋ ಏನೋ, ಸಾಯೇಬ್ರ. ನನ್ನ ಕೂಸು ಹೋದ ವರ್ಸ ಸತ್ತೈತಿ."

ಅವನು ತಲೆ ತಗ್ಗಿಸಿದ. "ಬೇರೆ ಕಡೆ ನೋಡೋಣ ಗೌಡ್ರೇ."

"ಬ್ಯಾರೆ ಕಡಿ ಗೂಟ ಇಳಿಯಂಗಿಲ್ರಿ, ಬರೇ ಕಲ್ಲೈತಿ. ಇವರದ್ದೇನ್ ಕೇಳ್ತೀರಿ? ಸತ್ತಲ್ಲೆಲ್ಲಾ ಹೂಳ್ತಾವ." ಗೌಡ ಚಪ್ಪಲಿ ಕಾಲಲ್ಲಿ ಮುಳ್ಳು ಸರಿಸಿ ಗುಪ್ಪೆಗೆ ಒದ್ದ. ಮೇಲಿನ ಕಲ್ಲೊಂದು ಉರುಳಿತು.

ಅರುಣ್ ಗೌಡನ ಮೋರೆ ನೋಡಿ ನಕ್ಷೆ ಮಡಚತೊಡಗಿದ.

ಮೈಲಮ್ಮ ಕೊಡ ಇಳಿಸಿದಳು. ಉರುಳಿದ ಕಲ್ಲನ್ನು ಎತ್ತಿ ತಂದು ಅದರ ಜಾಗದಲ್ಲೇ ಇಟ್ಟಳು. ಆಮೇಲೆ ಮುಳ್ಳಿನ ಮೇಲೆಯೇ ಬೋರಲು ಬಿದ್ದು ಗುಪ್ಪೆಯನ್ನು ತಬ್ಬಿಕೊಂಡಳು.

"ಬಾರಲೇ ಪಾಲಾಕ್ಷ! ಇನ್ನೆಲ್ಲಿಗೆ ಒಯ್ಯಲೋ ನನ್ನ ಕೂಸನ್ನ? ನನ್ನ ಬೆನ್ನಾಗ ಬಡೀ ನಿನ್ನ ಗೂಟ!"

ಕೇರಿಯವರು ಯಾರೂ ಎಂದೂ ಅವನನ್ನು ಹಾಗೆ ಹೆಸರು ಹಿಡಿದು ಕರೆದಿರಲಿಲ್ಲ. ಗೌಡ ತುರುಬು ಹಿಡಿದು ಎಳೆದ. ತಲೆ ಮೇಲೆದ್ದಿತು. ತೋಳು ಸಡಿಲವಾಗಲಿಲ್ಲ.