ಎಣ್ಣೆ ಕುಡಿದ ಬುಷ್ಷು

ಕಿಬ್ಬನಹಳ್ಳಿ ಕ್ರಾಸಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಜ್ಞಾನೇಶ್ ಕೆಂಪು ಸ್ಪೋರ್ಟ್ಸ್ ಕಾರಿನ ಅಡಿಯಿಂದ ತೆವಳಿ ಹೊರಬಂದಾಗ, ರೇವಣಸಿದ್ದಯ್ಯನವರು ಸ್ಟೂಲಿನ ಮೇಲೆ ತೀರ್ಪು ಕೇಳುವ ಗತ್ತಿನಲ್ಲಿ ಕೂತಿದ್ದರು. ಆ ತೀರ್ಪನ್ನು ಅವರೇ ಆರು ವರ್ಷದ ಹಿಂದೆ ಕೊಟ್ಟಾಗಿತ್ತು.

ಕೊಬ್ಬರಿಗೆ ಒಳ್ಳೆಯ ಧಾರಣೆ ಬಂದ ವರ್ಷ ಅಣ್ಣತಮ್ಮ ಸೇರಿ ಕೊಂಡ ಕಾರು ಅದು. ಬಾಗಿಲು ಎರಡು, ಸೀಟು ಎರಡು, ಒಡೆಯರೂ ಇಬ್ಬರು. ತಿರುವಿನಲ್ಲಿ ಅದರ ಹಿಂಭಾಗ ಓಲಾಡತೊಡಗಿದಾಗ ರೇವಣಸಿದ್ದಯ್ಯನವರು ತಮ್ಮ ಪರಮೇಶನನ್ನು ಕೊಬ್ಬರಿ ಅಂಗಡಿಯ ಮುಂದೆ, ನಾಲ್ಕು ಜನರೆದುರು ನಿಲ್ಲಿಸಿ, "ಹಂದನಕೆರೆ ರೋಡಿನ ಗುಂಡೀಗೆಲ್ಲ ಕೆಡವಿ ಹಾಳ್ಮಾಡ್ದೆ ಕಣ್ಲಾ. ಎತ್ತಿನಗಾಡಿ ಹೊಡ್ಯೋನಿಗೆ ಇದ್ಯಾಕೆ?" ಎಂದು ಕೀ ಕಿತ್ತುಕೊಂಡಿದ್ದರು. ಪರಮೇಶ ಎದುರು ಮಾತಾಡಲಿಲ್ಲ. ಅವತ್ತಿನಿಂದ ಮಾತೇ ಆಡಲಿಲ್ಲ.

"ಗುಂಡಿಗೆ ಬಿದ್ದೇ ಹೋಗಿರೋದು ತಾನೆ?" ಎಂದರು ರೇವಣಸಿದ್ದಯ್ಯನವರು. ಆರು ವರ್ಷ ಹಾಗೇ ಓಡಿಸಿ, ಓಲಾಟ ಮಿತಿಮೀರಿದ ಮೇಲೆ ಈಗ ಕಾರು ತಂದಿದ್ದರು.

ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳಿನ ಬುಡದಲ್ಲಿ ಕೂರುವ ರಬ್ಬರ್ ಬಳೆಗೆ ಬುಷ್ಷು ಎನ್ನುತ್ತಾರೆ. ಜ್ಞಾನೇಶ್ ಅದನ್ನು ಅಂಗೈಯಲ್ಲಿಟ್ಟು ತೋರಿಸಿದ. ನೆನೆಹಾಕಿದ ಕಡಲೆಕಾಳಿನಂತೆ ಉಬ್ಬಿತ್ತು. ಅಮುಕಿದರೆ ಅಪ್ಪಚ್ಚಿಯಾಯಿತು.

"ಗುಂಡಿಗೆ ಬಿದ್ರೆ ಹರಿತದೆ ಯಜಮಾನ್ರೇ, ಹಿಂಗೆ ಉಬ್ಬಕಿಲ್ಲ. ಮೂಸಿ ನೋಡ್ರಿ. ಯಾವನೋ ಪುಣ್ಯಾತ್ಮ ಇದಕ್ಕೆ ಕೊಬ್ರಿ ಎಣ್ಣೆ ಕುಡಿಸವ್ನೆ. ಎಣ್ಣೆ ಬಿದ್ರೆ ರಬ್ಬರ್ ಉಳಿತದಾ?"

ರೇವಣಸಿದ್ದಯ್ಯನವರು ಮೂಸಬೇಕಾಗಿರಲಿಲ್ಲ. ಈ ಸೀಮೆಯಲ್ಲಿ ಕಿರುಗುಟ್ಟುವ ಬಾಗಿಲಿಗೂ ಹೊಲಿಗೆ ಮಿಷನ್ನಿಗೂ ಮದ್ದು ಒಂದೇ. ಜಗಳಕ್ಕೆ ಎರಡು ವರ್ಷ ಮೊದಲು, ಕಾರಿನ ಹಿಂದೆ ಸಣ್ಣಗೆ ಕಿರ್ ಎಂದದ್ದೇ ತಡ, ಪ್ರತಿ ಸೋಮವಾರ ಮಿಂದು, ವಿಭೂತಿ ಇಟ್ಟು, ಗಾಣದ ಎಣ್ಣೆಯನ್ನು ಅಲ್ಲಿಗೆ ಬಿಡಲು ಶುರುಮಾಡಿದವರು ಅವರೇ. ಒಂದು ಸೋಮವಾರವೂ ತಪ್ಪಿಸಿರಲಿಲ್ಲ.

"ಆ ಪುಣ್ಯಾತ್ಮ ನಾನೇ ಕಣಪ್ಪ."

ಜ್ಞಾನೇಶ್ ನಗು ನುಂಗಿಕೊಂಡು, ಹೊಸ ಬುಷ್ಷು ಒತ್ತಿ ಕೂರಿಸಿ, ಕಾರನ್ನು ಜಾಕಿನಿಂದ ಇಳಿಸಿ, ಚಕ್ರದ ಮೇಲೆ ಭಾರ ಬಿದ್ದ ಮೇಲೆಯೇ ಬೋಲ್ಟು ಬಿಗಿದ. ರೇವಣಸಿದ್ದಯ್ಯನವರು ಮನೆಯ ದಾರಿ ಹಿಡಿಯಲಿಲ್ಲ, ನೇರ ತಮ್ಮನ ತೋಟವಿದ್ದ ಮಾಯಸಂದ್ರದ ದಾರಿ ಹಿಡಿದರು. ತಿರುವುಗಳಲ್ಲಿ ಕಾರು ಸದ್ದಿಲ್ಲದೆ ನೆಟ್ಟಗೆ ಹೋಯಿತು. ಅದೂ ಅವರಿಗೆ ಹಿತವಾಗಲಿಲ್ಲ.

ಪರಮೇಶ ತೋಟದ ಗೇಟಿನಲ್ಲಿ ಕಾಯಿ ಸುಲಿಸುತ್ತ ನಿಂತಿದ್ದ.

"ಬುಷ್ಷು ಹೋಗಿದ್ದು ನಿನ್ನಿಂದಲ್ಲ ಕಣ್ಲಾ, ನನ್ನ ಎಣ್ಣೆಯಿಂದ. ನಾಲ್ಕು ಜನದ ಮುಂದೆ ಅಂದ್ಬುಟ್ಟೆ..." ಅವರು ಕೀಯನ್ನು ತಮ್ಮನತ್ತ ಚಾಚಿದರು. "ಹತ್ಕೋ. ಒಂದು ರೌಂಡ್ ಹೋಗ್ಬರಾಣ. ನೀನೇ ಓಡ್ಸು."

ಪರಮೇಶ ಕಾರಿನ ತಲೆಯ ಮೇಲೆ ಕೈಯಾಡಿಸಿದ. ಬಾಗಿಲು ತೆಗೆದು, ನೆಲಕ್ಕಂಟಿದಂತಿದ್ದ ಸೀಟನ್ನು ಒಂದು ಗಳಿಗೆ ನೋಡಿ, ಮೆಲ್ಲಗೆ ಮುಚ್ಚಿದ.

"ಇಷ್ಟು ತಗ್ಗಿಗೆ ಕೂರಕ್ಕೆ ಆಗಕಿಲ್ಲ ಕಣಣ್ಣ. ಹೋದ್ ವರ್ಷ ಮಂಡಿ ಆಪರೇಷನ್ ಆಯ್ತಲ್ಲ."

ಆಗಿತ್ತೆಂದು ಅಣ್ಣನಿಗೆ ಗೊತ್ತೇ ಇರಲಿಲ್ಲ.

"ಯಾವ ಕಾಲು?" ಎಂದು ಕೇಳಿದರು.

"ಎರಡೂ."